ನೂರಹತ್ತು ದಾಟಿದವರ ವಯಸ್ಸನ್ನು ನಾನು ಪರೀಕ್ಷಿಸುವ ಬಗೆ

ನೂರಹತ್ತು ದಾಟಿದ್ದಾರೆ ಅನ್ನುವ ಕಡತ ಕೈಗೆ ಬಂದರೆ ಜನನ ಪ್ರಮಾಣಪತ್ರ ಯಾವಾಗ ಮಾಡಿಸಿದ್ದು ಎಂದಷ್ಟೇ ನೋಡಿ ಪಕ್ಕಕ್ಕಿಡುತ್ತೇನೆ. ಅರವತ್ತು ದಾಟಿದ ಮೇಲೆ ಪಿಂಚಣಿಗೆಂದು ಮಾಡಿಸಿದ ಕಾಗದದಿಂದ, ಅವರು ಆಗ ಏನು ಬರೆಸಿದರು ಅನ್ನುವುದು ಗೊತ್ತಾಗುತ್ತದೆಯೇ ಹೊರತು ಯಾವಾಗ ಹುಟ್ಟಿದರು ಅನ್ನುವುದಲ್ಲ. ನನಗೆ ಬೇಕಾದದ್ದು ವಯಸ್ಸು ಹೆಚ್ಚು ಹೇಳಿ ಯಾರಿಗೂ ಲಾಭವಿಲ್ಲದ ಕಾಲದ ದಾಖಲೆ: ಬಾಲ್ಯದ ಜನಗಣತಿ, ಶಾಲೆಯ ದಾಖಲಾತಿ, ಮದುವೆ ನೋಂದಣಿ.

ಇವನ್ನು ಇಸವಿಯ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರಲ್ಲಿ ಬರೆದಿರುವ ವಯಸ್ಸನ್ನು ಪಕ್ಕದಲ್ಲೇ ಗುರುತು ಹಾಕಿಕೊಳ್ಳುತ್ತೇನೆ. ಒಂದು ಕಡತದಲ್ಲಿ ಎರಡು ಗಣತಿಗಳ ನಡುವೆ ಕಳೆದದ್ದು ಹತ್ತು ವರ್ಷ, ಏರಿದ ವಯಸ್ಸು ಹದಿನೇಳು! ಮುಪ್ಪಿನಲ್ಲಿ ವಯಸ್ಸು ಹೀಗೆ ಓಡತೊಡಗುವುದು ಮಾಮೂಲು. ಎಲ್ಲ ಕಾಗದದಲ್ಲೂ ವಯಸ್ಸು ಸೊನ್ನೆಯಲ್ಲೋ ಐದರಲ್ಲೋ ಮುಗಿಯುತ್ತಿದ್ದರೆ ಅದು ಬರೀ ಅಂದಾಜು. ಹೆಂಗಸಾದರೆ ಕಡೆಯ ಮಗು ಹುಟ್ಟಿದ ವರ್ಷ ನೋಡುತ್ತೇನೆ. ಹೇಳಿದ ಲೆಕ್ಕದಲ್ಲಿ ಆಗ ಆಕೆಗೆ ಐವತ್ತೈದು ಆಗಿದ್ದರೆ ಕಡತ ಮುಚ್ಚಿದಂತೆಯೇ.

ಹೆಚ್ಚು ಕಾಡುವುದು ಹೆಸರು. ತೀರಿಹೋದ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಕೂಸಿಗೆ ಇಡುವ ರೂಢಿ ಅನೇಕ ಕಡೆ ಇತ್ತು. ಆಗ ಜನನ ದಾಖಲೆ ಅಸಲಿ, ತಂದೆ ತಾಯಿ ಸರಿ, ಹೆಸರೂ ಸರಿ. ಆದರೆ ಅದು ಅಣ್ಣನದು. ಹಾಗಾಗಿ ಅದೇ ಮನೆಯಲ್ಲಿ ಅದೇ ಹೆಸರಿನ ಮಗು ಸತ್ತಿದೆಯೇ ಎಂದು ಮರಣ ನೋಂದಣಿಯ ಪುಟಗಳನ್ನು ಒಂದೊಂದಾಗಿ ತಿರುವಬೇಕು. ಬೇಸರದ ಕೆಲಸ, ನನ್ನ ಹೊತ್ತೆಲ್ಲ ಹೋಗುವುದು ಇಲ್ಲೇ. ಜಪಾನಿನ ಶಿಗೆಚಿಯೊ ಇಜುಮಿ 120 ವರ್ಷ ಬದುಕಿದರೆಂದು ಗಿನ್ನೆಸ್ ಒಪ್ಪಿ ಆಮೇಲೆ ಕೈಬಿಟ್ಟಿದ್ದರ ಹಿಂದೆಯೂ ಇಂಥದ್ದೇ ಅನುಮಾನವಿತ್ತು.

ವ್ಯಕ್ತಿ ಬದುಕಿದ್ದಾರೆಯೇ ಅನ್ನುವುದನ್ನೂ ನೋಡಬೇಕು. ನಗಬೇಡಿ. ದಾಖಲೆಯಲ್ಲಿ 111 ವರ್ಷವಾಗಿದ್ದ ಟೋಕಿಯೊದ ಒಬ್ಬರು ಸತ್ತು ಮೂವತ್ತು ವರ್ಷವೇ ಆಗಿತ್ತೆಂದು 2010ರಲ್ಲಿ ತಿಳಿಯಿತು.

ಇಷ್ಟು ಹಠ ಯಾಕೆಂದರೆ, ನೂರು ಮುಟ್ಟಿದ ಸಾವಿರ ಮಂದಿಯಲ್ಲಿ ನೂರಹತ್ತು ಕಾಣುವವರು ಹೆಚ್ಚುಕಮ್ಮಿ ಒಬ್ಬರು. ಆ ಸಾವಿರದಲ್ಲಿ ಒಬ್ಬರ ವಯಸ್ಸು ಹತ್ತು ವರ್ಷ ಹೆಚ್ಚಾಗಿ ದಾಖಲಾಗಿದ್ದರೂ ಸಾಕು, ನೂರಹತ್ತರ ಪಟ್ಟಿಯ ಅರ್ಧ ಸುಳ್ಳಾಗುತ್ತದೆ. ಆಯುಷ್ಯದ ಮಿತಿ ಸುಮಾರು 115 ಎಂದು 2016ರಲ್ಲಿ ಒಂದು ತಂಡ ಹೇಳಿತು. 105 ದಾಟಿದ ಮೇಲೆ ಸಾವಿನ ಪ್ರಮಾಣ ಏರುವುದು ನಿಲ್ಲುತ್ತದೆ ಎಂದು 2018ರಲ್ಲಿ ಇಟಲಿಯ ದಾಖಲೆ ಹಿಡಿದು ಇನ್ನೊಂದು ತಂಡ ವಾದಿಸಿತು. ಈ ವಯಸ್ಸಿನಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ ಅರ್ಧದಷ್ಟು ಜನ ಸಾಯುತ್ತಾರೆ. ಆ ಲೆಕ್ಕದಲ್ಲಿ 110 ಮುಟ್ಟಿದ 4096 ಜನರಲ್ಲಿ ಒಬ್ಬರು 122 ಕಾಣಬೇಕು. ಕಂಡವರು ಫ್ರಾನ್ಸಿನ ಝಾನ್ ಕಾಲ್ಮಾ ಒಬ್ಬರೇ: 122 ವರ್ಷ 164 ದಿನ. ಅವರ ನಂತರದ ಕಾನೆ ತನಾಕಾ 119 ದಾಟಿದ್ದರು.

ಕಾಲ್ಮಾ 1934ರಲ್ಲೇ ಸತ್ತು, ಮಗಳು ಇವೊನ್ ತಾಯಿಯ ಹೆಸರಲ್ಲಿ ಬದುಕಿದಳು ಎಂಬ ವಾದ 2018ರಲ್ಲಿ ಎದ್ದಿತು. ಅನುಮಾನ ಪಡುವುದೇ ನನ್ನ ಕೆಲಸ, ಆದರೂ ಇದನ್ನು ನಾನು ಒಪ್ಪುವುದಿಲ್ಲ. ಆಕೆ ಜೀವಮಾನವಿಡೀ ಇದ್ದದ್ದು ಆರ್ಲ್ ಪಟ್ಟಣದಲ್ಲೇ. ಜನನ, ಮದುವೆ, ಒಂದರ ಮೇಲೊಂದು ಜನಗಣತಿ, ಎಲ್ಲವೂ ಅಲ್ಲೇ ಸಿಗುತ್ತವೆ. ಮಗಳು ತಾಯಿಯಾಗಬೇಕಿದ್ದರೆ ಗಂಡ, ಅಳಿಯ, ಏಳೆಂಟು ವರ್ಷದ ಮೊಮ್ಮಗ, ಜೊತೆಗೆ ನೆರೆಹೊರೆಯವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕಿತ್ತು.