ಆರ್‌ಸಿ ವಿಮಾನಕ್ಕೆ ಫ್ಲೋಟ್ ಕಟ್ಟಿ ನೀರಿನಿಂದ ಹಾರಿಸುವುದು

ಚಕ್ರದ ಮೇಲೆ ಚೆನ್ನಾಗಿ ಹಾರುವ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಮಾಡೆಲ್‌ಗೆ ಫ್ಲೋಟ್ (ನೀರಿನ ಮೇಲೆ ತೇಲಿಸುವ ದೋಣಿಯಂಥ ಕಾಲು) ಕಟ್ಟಿದರೆ ಗಾಳಿಯಲ್ಲಿ ದೊಡ್ಡ ತೊಂದರೆಯೇನೂ ಆಗುವುದಿಲ್ಲ. ಕಾಟವೆಲ್ಲ ನೀರಿನ ಮೇಲೆ. ಅದರಲ್ಲೂ ಹೆಚ್ಚಿನದು ಫ್ಲೋಟ್ ಕೂರಿಸುವಾಗ ತಪ್ಪಿದ ಅಳತೆಯಿಂದ ಬಂದದ್ದು.

ಇಲ್ಲಿನ ಲೆಕ್ಕ 1.5 ಮೀಟರ್ ರೆಕ್ಕೆಯ ಹೈ-ವಿಂಗ್ ಫೋಮ್ ಟ್ರೈನರ್‌ಗೆ (ರೆಕ್ಕೆ ಮೈಯ ಮೇಲಿರುವ, ಕಲಿಯುವವರ ವಿಮಾನ): ಉದ್ದ 110 ಸೆಂ.ಮೀ., ಫ್ಲೋಟ್ ಸೇರಿ ತೂಕ ಸುಮಾರು 1.7 ಕೆ.ಜಿ. ಫ್ಲೋಟಿನ ಉದ್ದ ವಿಮಾನದ ಉದ್ದದ ಶೇ. 75ರಿಂದ 80, ಅಂದರೆ 83–88 ಸೆಂ.ಮೀ. ಎರಡು ಫ್ಲೋಟುಗಳ ನಡುವೆ ರೆಕ್ಕೆಯ ತುದಿಯಿಂದ ತುದಿಗಿರುವ ಉದ್ದದ ಕಾಲು ಭಾಗದಷ್ಟು ಅಂತರ, ಸುಮಾರು 37 ಸೆಂ.ಮೀ. ಸಾಕು. ಫ್ಲೋಟಿನ ಮೂತಿ ಪ್ರೊಪೆಲರ್‌ಗಿಂತ ಹತ್ತು ಸೆಂ.ಮೀ.ನಷ್ಟು ಮುಂದೆ ಚಾಚಿರಲಿ, ಇಲ್ಲವಾದರೆ ಇಳಿಯುವಾಗ ವಿಮಾನದ ಮೂಗು ನೀರಿಗೆ ಕುಕ್ಕುತ್ತದೆ.

ಎಲ್ಲಕ್ಕಿಂತ ಮುಖ್ಯ ಸ್ಟೆಪ್, ಅಂದರೆ ಫ್ಲೋಟಿನ ತಳದ ನಡುವಿನ ಮೆಟ್ಟಿಲು. ಅದು ಸಿ.ಜಿ.ಗಿಂತ (ವಿಮಾನದ ತೂಕ ಸಮತೂಗುವ ಬಿಂದು) ಒಂದು ಸೆಂ.ಮೀ. ಆಸುಪಾಸು ಹಿಂದೆ ಬರಬೇಕು. ತೀರಾ ಹಿಂದೆ ಹೋದರೆ ಎಷ್ಟು ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ಪಟ್ಟಿ) ಎಳೆದರೂ ಮೂಗು ಏಳುವುದಿಲ್ಲ. ಮುಂದೆ ಬಂದರೆ ವಿಮಾನ ಬಾಲದ ಮೇಲೆ ಕೂರುತ್ತದೆ, ಓಡುವಾಗ ಕುದುರೆಯಂತೆ ಕುಣಿಯುತ್ತದೆ. ಹಾಗಾಗಿ ಫ್ಲೋಟ್ ಕಟ್ಟಿದ ಮೇಲೆ ಸಿ.ಜಿ. ಮತ್ತೆ ಅಳೆಯಿರಿ. ಸ್ಟೆಪ್ಪಿನ ಅಂಚು ಚೂಪಾಗಿರಲಿ. ಅಂಚು ಉರುಟಾದರೆ ನೀರು ಅದನ್ನು ಸುತ್ತಿ ಹಿಂಭಾಗಕ್ಕೆ ಅಂಟಿ, ಫ್ಲೋಟನ್ನು ಕೆಳಕ್ಕೆ ಹೀರುತ್ತದೆ. ಫೋಮ್ ಫ್ಲೋಟಾದರೆ ಹಳೆಯ ಎಟಿಎಂ ಕಾರ್ಡಿನಿಂದ ಪಟ್ಟಿ ಕತ್ತರಿಸಿ, ಅಂಚಿನಿಂದ ಒಂದು ಮಿ.ಮೀ. ಹೊರಗೆ ಬರುವಂತೆ ಅಂಟಿಸಿ. ಐದು ನಿಮಿಷದ ಕೆಲಸ, ಟೇಕ್‌ಆಫ್ ಓಟ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ.

ತೇಲುವ ಶಕ್ತಿಗೆ ದೊಡ್ಡ ವಿಮಾನಗಳ ನಿಯಮವನ್ನೇ ಹಿಡಿಯಿರಿ: ತೂಕದ ಮೇಲೆ ಶೇ. 80 ಹೆಚ್ಚು. 1.7 ಕೆ.ಜಿ.ಗೆ ಎರಡೂ ಫ್ಲೋಟ್ ಸೇರಿ ಮೂರು ಲೀಟರ್ ಗಾತ್ರ ಬೇಕು. ಮೋಟಾರ್ ಕೆ.ಜಿ.ಗೆ 220 ವ್ಯಾಟ್ ಕೊಟ್ಟರೆ ನೆಮ್ಮದಿ. ಮುಂದೆ ಚಾಚಿದ ಫ್ಲೋಟ್‌ನಿಂದ ಬಾಲ ಆಡತೊಡಗಿದರೆ ಬಾಲದ ಕೆಳಗೆ ಇನ್ನೊಂದು ಫಿನ್ (ನಿಂತ ರೆಕ್ಕೆ) ಹಾಕಿ. ವಾಟರ್ ರಡ್ಡರ್ (ನೀರಿನಲ್ಲಿ ತಿರುಗಿಸುವ ಚುಕ್ಕಾಣಿ) ಚಿಕ್ಕದಿರಲಿ, ಜೊಂಡಿಗೆ ತಗುಲಿದಾಗ ಮೇಲಕ್ಕೆ ಮಡಚಿಕೊಳ್ಳಲಿ. ಗಟ್ಟಿಯಾಗಿ ಕೂರಿಸಿದರೆ ಅದನ್ನು ತಿರುಗಿಸುವ ಪುಟ್ಟ ಮೋಟಾರಿನ, ಅಂದರೆ ಸರ್ವೋದ ಗೇರಿನ ಹಲ್ಲು ಹೋಗುತ್ತದೆ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ), ರಿಸೀವರ್ ಬೋರ್ಡುಗಳಿಗೆ ಕನ್ಫಾರ್ಮಲ್ ಕೋಟಿಂಗ್ (ನೀರು ತಡೆಯುವ ತೆಳು ಲೇಪ) ಬಳಿಯಿರಿ, ಕನೆಕ್ಟರ್ ಪಿನ್ನಿಗೆ ಮಾತ್ರ ತಾಗಬಾರದು. ಫೇಲ್‌ಸೇಫ್‌ನಲ್ಲಿ (ಸಿಗ್ನಲ್ ತಪ್ಪಿದಾಗ ರಿಸೀವರ್ ತಾನೇ ಬಳಸುವ ಸೆಟ್ಟಿಂಗ್) ಥ್ರಾಟಲ್ ಸೊನ್ನೆಗೆ ಇಡಿ.

ಮೊದಲ ದಿನ ಗಾಳಿ ಗಂಟೆಗೆ 5–10 ಕಿ.ಮೀ. ಇದ್ದರೆ ಒಳ್ಳೆಯದು. ಕನ್ನಡಿಯಂಥ ನೀರು ನೋಡಲು ಚಂದ, ಹಾರಲು ಕೆಟ್ಟದ್ದು: ಫ್ಲೋಟನ್ನು ಬಿಡುವುದಿಲ್ಲ, ಇಳಿಯುವಾಗ ಎತ್ತರವೂ ತಿಳಿಯುವುದಿಲ್ಲ. ನಿಧಾನವಾಗಿ ಚಲಿಸುವಾಗ ಎಲಿವೇಟರ್ ಪೂರ್ತಿ ಹಿಂದಕ್ಕೆ ಎಳೆದಿರಿ. ಗಾಳಿ ಮುಂದಿನ ಮಗ್ಗುಲಿಂದ ಬಂದರೆ ಏಲೆರಾನ್ (ವಿಮಾನವನ್ನು ಮಗ್ಗುಲಿಗೆ ಓರೆಮಾಡುವ ರೆಕ್ಕೆಯ ಪಟ್ಟಿ) ಸ್ಟಿಕ್ ಗಾಳಿಯತ್ತ, ಹಿಂದಿನಿಂದ ಬಂದರೆ ಆಚೆಗೆ. ಇದನ್ನು ಮರೆತರೆ ರೆಕ್ಕೆ ಎದ್ದು ವಿಮಾನ ಮಗುಚುತ್ತದೆ.

ಟೇಕ್‌ಆಫ್‌ಗೆ ಗಾಳಿಗೆ ಎದುರಾಗಿ ನಿಲ್ಲಿಸಿ, ಎಲಿವೇಟರ್ ಹಿಂದಕ್ಕೆಳೆದು, ಎರಡು ಮೂರು ಸೆಕೆಂಡಿನಲ್ಲಿ ಥ್ರಾಟಲ್ ಪೂರ್ತಿ ಕೊಡಿ. ಮೊದಲು ಮೂಗು ಏಳುತ್ತದೆ, ನೀರು ಎರಚುತ್ತದೆ. ಆಮೇಲೆ ವಿಮಾನ ಸ್ಟೆಪ್ ಮೇಲೆ ಹತ್ತಿ ಸಪಾಟಾಗುತ್ತದೆ, ಎರಚುವ ನೀರು ಸ್ಟೆಪ್ಪಿನ ಹತ್ತಿರಕ್ಕೆ ಸರಿಯುತ್ತದೆ. ಸ್ಟಿಕ್ ನಡುವಿಗೆ ಬಿಡಬೇಕಾದದ್ದು ಆಗಲೇ. ವೇಗ ಕೂಡಲು ಬಿಟ್ಟು, ಆಮೇಲೆ ಕೂದಲೆಳೆಯಷ್ಟು ಎಳೆಯಿರಿ. ಎಳೆದೇ ಹಿಡಿದರೆ ಅರೆಬರೆ ವೇಗದಲ್ಲಿ ಎದ್ದು, ಸ್ಟಾಲ್ ಆಗಿ (ರೆಕ್ಕೆಯ ಎತ್ತುವ ಬಲ ಕುಸಿದು) ಬೀಳುತ್ತದೆ. ಹೊಸಬರ ವಿಮಾನಗಳು ಮುಳುಗುವುದು ಬಹುಪಾಲು ಹೀಗೆಯೇ. ಕುಣಿತ ಶುರುವಾದರೆ ಸ್ಟಿಕ್ಕಿನಿಂದ ಸರಿಮಾಡಲು ಹೋಗದೆ ಥ್ರಾಟಲ್ ಇಳಿಸಿ ಹೊಸದಾಗಿ ಹೊರಡಿ.

ಇಳಿಯುವಾಗ ಮೋಟಾರ್ ನಿಲ್ಲಿಸಬೇಡಿ. ಸ್ವಲ್ಪ ಥ್ರಾಟಲ್‌ನಲ್ಲಿ, ಮೂಗು ತುಸು ಮೇಲೆತ್ತಿ, ಸ್ಟೆಪ್ ಮೊದಲು ತಾಗುವಂತೆ ಇಳಿಸಿ. ತಾಗಿದ ಮೇಲೆ ಥ್ರಾಟಲ್ ಇಳಿಸುತ್ತ ಎಲಿವೇಟರ್ ಎಳೆಯಿರಿ.

ವಿಮಾನ ಮಗುಚಿ ನಿಂತರೆ ಈಜಿಕೊಂಡು ಹೋಗುವ ಮಾತೇ ಬೇಡ. ನಮ್ಮ ಕೆರೆಗಳ ಹೂಳು, ಅಂತರಗಂಗೆ ಎರಡೂ ಕಾಲು ಹಿಡಿಯುತ್ತವೆ. ಲೈಫ್ ಜಾಕೆಟ್ ಹಾಕಿದವರ ದೋಣಿಯೋ, ಮೀನು ಹಿಡಿಯುವ ರಾಡಿನ ದಾರಕ್ಕೆ ಕಟ್ಟಿದ ಟೆನಿಸ್ ಚೆಂಡೋ ಇರಲಿ. ಚೆಂಡನ್ನು ವಿಮಾನದ ಆಚೆ ಎಸೆದು ಮೆಲ್ಲಗೆ ಸುತ್ತಿದರೆ ದಾರ ಸಿಕ್ಕಿಕೊಂಡು ದಡಕ್ಕೆ ಬರುತ್ತದೆ. ಬಂದೊಡನೆ ಬ್ಯಾಟರಿ ಕಿತ್ತು, ಒಳಭಾಗ ಪೂರ್ತಿ ಒಣಗಿಸಿ. ಸಮುದ್ರದ ನೀರಾದರೆ ಮೊದಲು ಸಿಹಿನೀರಿನಲ್ಲಿ ತೊಳೆಯಿರಿ.

ಪೊಳ್ಳು ಫ್ಲೋಟಾದರೆ ಪ್ರತಿ ಹಾರಾಟದ ನಂತರ ಅಲುಗಾಡಿಸಿ ನೋಡಿ. ಗುಳುಗುಳು ಕೇಳಿದರೆ ನೀರು ಬಸಿಯದೆ ಮತ್ತೆ ಬಿಡಬೇಡಿ: ಮೂಗು ಎದ್ದಾಗ ಆ ನೀರೆಲ್ಲ ಹಿಂದಕ್ಕೆ ಹರಿದು ಸಿ.ಜಿ.ಯನ್ನೂ ಜೊತೆಗೆ ಒಯ್ಯುತ್ತದೆ.