ಬೇಸ್‌ಮೆಂಟಿನ ಮೋರಿ ಉಕ್ಕಿದಾಗ

ಶಿಕಾಗೋದಲ್ಲಿ ನಮ್ಮದು 1926ರಲ್ಲಿ ಕಟ್ಟಿದ ಇಟ್ಟಿಗೆ ಮನೆ. ಒಂದು ಶನಿವಾರ ವಾಷಿಂಗ್ ಮೆಷಿನ್ ನೀರು ಬಿಟ್ಟ ಕೂಡಲೇ ಬೇಸ್‌ಮೆಂಟಿನ ನೆಲದ ಮೋರಿ ಗುಳುಗುಳು ಎಂದಿತು. "ರೀ, ಬೇಗ ಬನ್ನಿ, ನೀರು ಮೇಲೆ ಬರ್ತಿದೆ!" ಎಂದು ಹೆಂಡತಿ ಕೂಗಿದಳು. ಹೋಗಿ ನೋಡಿದರೆ ಸೋಪಿನ ನೊರೆ, ಅದರ ಜೊತೆ ಟಾಯ್ಲೆಟ್ ಪೇಪರಿನ ಚೂರು.

ಊರಲ್ಲಿ ಬಚ್ಚಲು ಕಟ್ಟಿದರೆ ಅಪ್ಪ ಬಿದಿರಿನ ದಬ್ಬೆ ತೂರಿಸುತ್ತಿದ್ದರು. ನನ್ನದೂ ಅದೇ ಬುದ್ಧಿ. ಕೈಯಲ್ಲಿ ತಿರುಗಿಸುವ 25 ಅಡಿಯ ಸ್ಪ್ರಿಂಗ್ ತಂದು ಮೋರಿಗೆ ತೂರಿಸಿದೆ. ಎರಡು ಗಂಟೆ ಬೆವರು ಸುರಿಸಿದ್ದೇ ಬಂತು.

ರಾತ್ರಿ ಮಲಗಿದಾಗ ಹೊಳೆಯಿತು. ಬಟ್ಟೆ ಒಗೆದ ನೀರಿನಲ್ಲಿ ಟಾಯ್ಲೆಟ್ ಪೇಪರ್ ಹೇಗೆ ಬಂತು? ಅಂದರೆ ಎರಡೂ ಪೈಪು ಸೇರಿದ ಮೇಲೆ ಎಲ್ಲೋ ಕಟ್ಟಿದೆ. ನೆಲದ ಮೋರಿ ಮನೆಯಲ್ಲೇ ಎಲ್ಲಕ್ಕಿಂತ ತಗ್ಗಿನ ಬಾಯಿ, ಅದಕ್ಕೇ ಮೊದಲು ಅಲ್ಲಿ ಉಕ್ಕುತ್ತೆ. ಸುಮ್ನೆ ಅದನ್ನೇ ಚುಚ್ಚಿದ್ದೆ.

ಬೆಳಿಗ್ಗೆ ಪರೀಕ್ಷೆ. ಮಗಳು ಮೇಲೆ ಫ್ಲಶ್ ಮಾಡಿದಳು, ನಾನು ಟಾರ್ಚ್ ಹಿಡಿದು ಮೋರಿ ಹತ್ತಿರ ಕೂತೆ. ಸ್ವಲ್ಪ ಹೊತ್ತಿಗೆ ನೀರು ಮೇಲೇರಿತು. ಅಡುಗೆಮನೆ ಸಿಂಕಿನ ನೀರು ಬಿಟ್ಟಾಗಲೂ ಅಷ್ಟೇ. ಇನ್ನೊಂದು ಅನುಮಾನ ಉಳಿದಿತ್ತು. ಇಲ್ಲಿ ಮಳೆನೀರು, ಕೊಳಚೆ ಎರಡಕ್ಕೂ ರಸ್ತೆಯಲ್ಲಿ ಒಂದೇ ಪೈಪು. ಜೋರು ಮಳೆಯಾದರೆ ಆ ನೀರು ಮನೆಯೊಳಗೇ ವಾಪಸ್ ಬರಬಹುದು. ಆದರೆ ವಾರದಿಂದ ಮಳೆಯೇ ಇರಲಿಲ್ಲ. ಪಕ್ಕದ ಮನೆಯ ಬೇಸ್‌ಮೆಂಟೂ ಒಣಗಿತ್ತು.

ಕೊನೆಗೆ ಮುಂದಿನ ಗೋಡೆಯ ಹತ್ತಿರ ನೆಲದಲ್ಲಿದ್ದ ಕ್ಲೀನ್‌ಔಟಿನ, ಅಂದರೆ ಪೈಪು ಶುಚಿ ಮಾಡಲು ಬಿಟ್ಟ ಬಾಯಿಯ, ಹಿತ್ತಾಳೆ ಮುಚ್ಚಳ. ಗ್ಲೌಸ್ ಹಾಕಿ, ಬಕೆಟ್ ಇಟ್ಟುಕೊಂಡು, ನಿಧಾನವಾಗಿ ತಿರುಗಿಸಿದೆ. ಪುಣ್ಯಕ್ಕೆ ಡ್ರೈನ್ ಕ್ಲೀನರ್ ಸುರಿದಿರಲಿಲ್ಲ. ಸುರಿದಿದ್ದರೆ ಅದೆಲ್ಲ ನನ್ನ ಮುಖಕ್ಕೇ ಸಿಡಿಯಬಹುದಿತ್ತು. ಒಳಗೆ ಪೈಪಿನ ಬಾಯಿವರೆಗೂ ನೀರು ನಿಂತಿತ್ತು. ಖಾಲಿ ಇದ್ದಿದ್ದರೆ ಕಟ್ಟಿರೋದು ಮನೆಯೊಳಗೆ. ತುಂಬಿದೆ ಅಂದರೆ ಅಲ್ಲಿಂದ ರಸ್ತೆವರೆಗಿನ ಪೈಪಿನಲ್ಲಿ. ಅದು ನನ್ನ ಕೈಯ ಸ್ಪ್ರಿಂಗಿಗೆ ಬಗ್ಗುವ ಕೆಲಸವಲ್ಲ.

ಪ್ಲಂಬರನ ಮೆಷಿನ್ ಕೇಬಲ್ 40 ಅಡಿ ಹೋಗಿ ಸಿಕ್ಕಿಕೊಂಡಿತು. ಹೊರಗೆಳೆದರೆ ಜಡೆಯಂಥ ಬೇರಿನ ಗಂಟು! ಕ್ಯಾಮೆರಾ ಬಿಟ್ಟಿದ್ದು ಆಮೇಲೆ. ತುಂಬಿದ ಪೈಪಿನಲ್ಲಿ ಅದಕ್ಕೆ ಬರೀ ಕೆಸರು ಕಾಣುತ್ತೆ, ಅಲ್ವಾ? ಹಳೇ ಪೈಪು ಸುಟ್ಟ ಮಣ್ಣಿನದು, ಮೋಟು ತುಂಡುಗಳನ್ನು ಒಂದಕ್ಕೊಂದು ಜೋಡಿಸಿದ್ದು. ಎರಡು ಜಾಯಿಂಟಿನಲ್ಲಿ ಅಂಗಳದ ಮೇಪಲ್ ಮರದ ಬೇರು ನುಗ್ಗಿತ್ತು.

ಪೂರ್ತಿ ಪೈಪು ಬದಲಿಸಿ ಅಂದರು. ವಿಡಿಯೋ ಕಾಪಿ ಕೇಳಿ ಪಡೆದು, ಎರಡು ಸಲ ನೋಡಿದೆ. ಪೈಪು ಎಲ್ಲೂ ಕುಸಿದಿರಲಿಲ್ಲ. ಸದ್ಯಕ್ಕೆ ಬೇಡ ಅಂದೆ. ಈಗ ವರ್ಷಕ್ಕೊಮ್ಮೆ ಬೇರು ಕತ್ತರಿಸಿ ತೆಗೆಸುತ್ತೇನೆ.

ಅದೇ ಚಳಿಗಾಲ ಮೋರಿಯಿಂದ ಮತ್ತೆ ನಾತ. ಎದೆ ಧಸಕ್ ಅಂತು. ನೋಡಿದರೆ ಹೀಟರಿನ ಬಿಸಿಗೆ ಟ್ರ್ಯಾಪಿನ (ನಾತ ತಡೆಯಲು ನೀರು ನಿಲ್ಲುವ ಪೈಪಿನ ಬಾಗು) ನೀರು ಒಣಗಿತ್ತಷ್ಟೆ. ಒಂದು ಬಕೆಟ್ ನೀರು ಸುರಿದೆ, ಹೋಯಿತು.