ಸಾಬೀತಾಗದ ಉಪಾಯವನ್ನು ಮಗುವಿನ ಮುಂದಿಡುವ ಮೊದಲು

ಕಲಿಕಾ ನ್ಯೂನತೆಯಿರುವ ಮಕ್ಕಳಿಗೆ ನಾನು ಪರಿಹಾರ ಬೋಧನೆ ಮಾಡುತ್ತೇನೆ. ನನ್ನ ಬಳಿಗೆ ಬರುವ ಅನೇಕ ಪೋಷಕರು ಬಣ್ಣದ ಕನ್ನಡಕ, ಮಿದುಳಿನ ವ್ಯಾಯಾಮ ಅಥವಾ ಪಥ್ಯದ ಬಗ್ಗೆ ಯಾರಿಂದಲೋ ಕೇಳಿಕೊಂಡೇ ಬಂದಿರುತ್ತಾರೆ. ಬಣ್ಣದ ಮಸೂರಗಳಿಂದಾಗಲಿ ಕಣ್ಣಿನ ವ್ಯಾಯಾಮಗಳಿಂದಾಗಲಿ ಡಿಸ್ಲೆಕ್ಸಿಯಾ, ಅಂದರೆ ಪದಗಳನ್ನು ಓದಲು, ಬರೆಯಲು ಕಷ್ಟವಾಗುವ ಕಲಿಕಾ ನ್ಯೂನತೆ, ಸುಧಾರಿಸುತ್ತದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಟನೆಗಳು 2009ರಲ್ಲಿ ಜಂಟಿಯಾಗಿ ಹೇಳಿರುವುದನ್ನು ಮೊದಲ ಭೇಟಿಯಲ್ಲೇ ತಿಳಿಸುತ್ತೇನೆ.

ಐದನೇ ತರಗತಿಯ ಹುಡುಗಿಯೊಬ್ಬಳ ತಾಯಿ ಇದನ್ನೆಲ್ಲ ಕೇಳಿಸಿಕೊಂಡೂ, ಪುಟದ ಮೇಲೆ ಹಳದಿ ಬಣ್ಣದ ಪಾರದರ್ಶಕ ಹಾಳೆಯಿಟ್ಟು ಓದಿಸಿ ನೋಡೋಣ ಮೇಡಂ ಎಂದು ಪಟ್ಟು ಹಿಡಿದರು. ಅದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ, ಕಾಗುಣಿತ ಮತ್ತು ಒತ್ತಕ್ಷರಗಳ ಅಭ್ಯಾಸದ ಸಮಯದಲ್ಲಿ ಒಂದು ನಿಮಿಷವನ್ನೂ ಕಡಿತ ಮಾಡುವುದಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿದೆ. ಈ ಉಪಾಯ ಸಾಬೀತಾಗಿಲ್ಲವೆಂದೂ, ಯಾವ ಫಲಿತಾಂಶ ಬಂದರೆ ನಿಲ್ಲಿಸುತ್ತೇವೆಂದೂ ಆರಂಭಿಸುವ ಮೊದಲೇ ಕನ್ನಡದಲ್ಲಿ ಒಪ್ಪಿಗೆ ಪತ್ರ ಬರೆದುಕೊಟ್ಟೆ. ಹುಡುಗಿಗೂ, ನಾವು ಪರೀಕ್ಷಿಸುತ್ತಿರುವುದು ಹಾಳೆಯನ್ನು, ನಿನ್ನನ್ನಲ್ಲ, ಬೇಡವೆನಿಸಿದ ದಿನ ಬಿಡಬಹುದು ಎಂದೆ. ಹಲವು ಕಡೆ ಸೋತು ಬಂದ ಮಗು ಇದೂ ಫಲಿಸದಿದ್ದರೆ ತಪ್ಪು ತನ್ನದೇ ಎಂದುಕೊಳ್ಳುತ್ತದೆ; ಈ ಹಾನಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದೇ ಮಟ್ಟದ ಗದ್ಯಭಾಗಗಳನ್ನು ಕೆಲವೊಮ್ಮೆ ಹಳದಿ ಹಾಳೆಯಡಿ, ಕೆಲವೊಮ್ಮೆ ಬಣ್ಣವಿಲ್ಲದ ಪಾರದರ್ಶಕ ಹಾಳೆಯಡಿ ಓದಿಸಿದೆ. ಯಾವ ದಿನ ಯಾವುದೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದೆ. ಓದಿದ್ದನ್ನು ಧ್ವನಿಮುದ್ರಿಸಿ, ಹಾಳೆಯ ಬಣ್ಣ ಗೊತ್ತಿಲ್ಲದ ಸಹೋದ್ಯೋಗಿಯಿಂದ ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದಗಳ ಎಣಿಕೆ ಮಾಡಿಸಿದೆ. 'ಹತ್ತಿ' 'ಹತಿ'ಯಾಗುವುದು, 'ಕಟ್ಟೆ' 'ಕಟೆ'ಯಾಗುವುದು ಎರಡೂ ಹಾಳೆಗಳಡಿ ಒಂದೇ ಪ್ರಮಾಣದಲ್ಲಿತ್ತು. ದಿನಗಳೆದಂತೆ ಓದು ಸುಧಾರಿಸಿತು, ಅದೂ ಎರಡರಡಿಯಲ್ಲೂ ಸಮನಾಗಿ. ಹಳದಿ ಹಾಳೆಯೊಂದನ್ನೇ ಬಳಸಿದ್ದರೆ, ನಿತ್ಯದ ಅಭ್ಯಾಸಕ್ಕೆ ಸಲ್ಲಬೇಕಾದ ಶ್ರೇಯಸ್ಸನ್ನು ತಾಯಿಯೂ ನಾನೂ ಆ ಹಾಳೆಗೇ ಕೊಟ್ಟುಬಿಡುತ್ತಿದ್ದೆವು. ಮಗು ತೀರಾ ಹಿಂದೆ ಬಿದ್ದಾಗಲೇ ಪೋಷಕರು ಹೊಸ ಉಪಾಯ ಹುಡುಕುವುದರಿಂದ, ಅನಂತರದ ಸಹಜ ಚೇತರಿಕೆಯೂ ಆ ಉಪಾಯದ ಖಾತೆಗೇ ಜಮೆಯಾಗುತ್ತದೆ. ಅಂಕಿಗಳನ್ನು ತಾಯಿಯ ಮುಂದಿಟ್ಟಾಗ, ಹಾಳೆಯನ್ನು ನಿಲ್ಲಿಸೋಣವೆಂದು ಅವರೇ ಹೇಳಿದರು.

ಒತ್ತಕ್ಷರಗಳನ್ನು ಜೇಡಿಮಣ್ಣಿನಲ್ಲಿ ಮಾಡಿಸುವುದು ನನಗೆ ಅತ್ಯಂತ ಪ್ರಿಯವಾದ ವಿಧಾನ, ಮಕ್ಕಳೂ ಖುಷಿಯಿಂದ ಮಾಡುತ್ತಾರೆ. ಆದರೆ ಅದರಿಂದಲೇ ಓದು ಸುಧಾರಿಸುತ್ತದೆಂದು ತೋರಿಸುವ ಪುರಾವೆ ನನ್ನಲ್ಲಿಲ್ಲ. ಆದ್ದರಿಂದ ಅದಕ್ಕೂ ಅದೇ ಒಪ್ಪಿಗೆ ಪತ್ರ, ಅದೇ ಅಳತೆ. ಪತ್ರ ಓದಿ ನೋಡಿ ಬೇಡವೆನ್ನುವ ಪೋಷಕರ ಮಕ್ಕಳಿಗೆ ಅದನ್ನು ಮಾಡಿಸುವುದಿಲ್ಲ.